ಗಾಂಜಾ ಸಿಕ್ಕಿದ್ದು ಹದಿನೈದಕ್ಕೆ, ತೊಂದರೆ ಶುರುವಾಗಿದ್ದು ಏಳಕ್ಕೆ

'ಗಾಂಜಾ ಮತ್ತಿನಲ್ಲಿ ಯುವಕನ ಪುಂಡಾಟ'. ಟಿವಿ ಪರದೆಯ ಕೆಳಗೆ ಓಡುವ ಈ ಸಾಲನ್ನು ನೀವು ಎಷ್ಟು ಸಲ ಓದಿದ್ದೀರೋ ಲೆಕ್ಕ ಇಲ್ಲ. ನಡುರಸ್ತೆಯಲ್ಲಿ ಒಬ್ಬ ಹುಡುಗ ಕೂಗಾಡ್ತಾನೆ, ನಿಂತಿದ್ದ ಬಸ್ಸಿಗೆ ಕಲ್ಲು ತೂರ್ತಾನೆ, ಯಾರೋ ಮೊಬೈಲಲ್ಲಿ ವಿಡಿಯೋ ಮಾಡ್ತಾರೆ, ಪೊಲೀಸರು ಬಂದು ಜೀಪು ಹತ್ತಿಸ್ತಾರೆ. ನಲವತ್ತು ಸೆಕೆಂಡ್. ಆಮೇಲೆ ಹವಾಮಾನ ವರದಿ.

ಅಂಥ ವಿಡಿಯೋಗಳನ್ನು ಇನ್ನೊಂದು ಸಲ ನಿಧಾನಕ್ಕೆ ನೋಡಿ. ಕೆಲವು ಹುಡುಗರು ಎದುರಿಗಿದ್ದ ಜನರ ಜೊತೆ ಜಗಳ ಆಡ್ತಿರೋದೇ ಇಲ್ಲ. ಯಾರೂ ಇಲ್ಲದ ಕಡೆ ತಿರುಗಿ ಉತ್ತರ ಕೊಡ್ತಿರ್ತಾರೆ. ಅದು ಬರೀ ನಶೆಯೋ, ಕಾಯಿಲೆಯೋ, ಎರಡೂ ಸೇರಿದೆಯೋ? ಆ ನಲವತ್ತು ಸೆಕೆಂಡಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಲ್ಲ.

ಕೇಳಿದ್ದು ಒಬ್ಬ ತಾಯಿ. ಯುವಕರು ಮತ್ತು ಮಾದಕ ವ್ಯಸನದ ಬಗ್ಗೆ ಒಂದು ರಾತ್ರಿ ಕಾರ್ಯಕ್ರಮ ನಡೆಸುವಾಗ ಫೋನ್ ಲೈನಿನಲ್ಲಿ ಬಂದರು. "ಸಾರ್, ನನ್ ಮಗ ಎರಡನೇ ಕ್ಲಾಸಲ್ಲೇ ಯಾರ ಮಾತೂ ಕೇಳ್ತಿರಲಿಲ್ಲ. ದಿನಾ ಸ್ಕೂಲಿಂದ ದೂರು. ಹತ್ತನೇ ಕ್ಲಾಸಲ್ಲಿ ಗಾಂಜಾ ಸೇದ್ತಾನೆ ಅಂತ ಗೊತ್ತಾಯ್ತು. ಈಗ ಇಪ್ಪತ್ತು ವರ್ಷ. ಗೋಡೆ ಜೊತೆ ಮಾತಾಡ್ತಾನೆ, ಊಟದಲ್ಲಿ ವಿಷ ಹಾಕಿದ್ದೀಯಾ ಅಂತ ನನ್ನನ್ನೇ ಕೇಳ್ತಾನೆ. ಗಾಂಜಾದಿಂದ ಹಿಂಗಾಯ್ತಾ, ಇಲ್ಲಾ ಅವನು ಮೊದಲಿಂದಾನೇ ಹಿಂಗಾ?"

ಸ್ಟುಡಿಯೋದಲ್ಲಿದ್ದ ಮನೋವೈದ್ಯರು ಉತ್ತರ ಶುರು ಮಾಡುವಷ್ಟರಲ್ಲಿ ಬ್ರೇಕ್ ಬಂತು. ಆದರೆ ಅದು ಎರಡು ಜಾಹೀರಾತುಗಳ ಮಧ್ಯೆ ಹೇಳಿ ಮುಗಿಸುವ ಉತ್ತರ ಅಲ್ಲ. ಪ್ರಪಂಚದ ದೊಡ್ಡ ದೊಡ್ಡ ವಿಜ್ಞಾನಿಗಳು ದಶಕಗಳಿಂದ ಹುಡುಕ್ತಿರೋದು ಆ ತಾಯಿ ಕೇಳಿದ ಪ್ರಶ್ನೆಗೇ ಉತ್ತರ. ಯಾವುದು ಮೊದಲು?

ಇದಕ್ಕೆ ಉತ್ತರ ಸಿಗಬೇಕಾದರೆ ಕಾಯಿಲೆ ಬಂದ ಮೇಲೆ ಹಿಂದಕ್ಕೆ ತಿರುಗಿ ಕೇಳಿದರೆ ಸಾಲದು. ಮಗ ಹಾಳಾದ ಮೇಲೆ ತಾಯಿಗೆ ಎಲ್ಲವೂ ಮೊದಲೇ ಸೂಚನೆ ಕೊಟ್ಟ ಹಾಗೆ ಕಾಣುತ್ತೆ. ಮಕ್ಕಳು ಹುಟ್ಟಿದಾಗಲೇ ಹೆಸರು ಬರೆದುಕೊಂಡು, ಅವರು ಬೆಳೆಯುವುದನ್ನೇ ಪಕ್ಕದಲ್ಲಿ ನಿಂತು ನೋಡ್ತಾ ಹೋಗಬೇಕು. ಇಂಥ ಕೆಲಸಕ್ಕೆ ಯಾರಿಗೆ ತಾಳ್ಮೆ ಇರುತ್ತೆ ಅಂತೀರಾ? ನ್ಯೂಜಿಲೆಂಡಿನವರಿಗೆ ಇತ್ತು.

ಆ ದೇಶದ ದಕ್ಷಿಣ ತುದಿಯಲ್ಲಿ ಡನೀಡನ್ ಅಂತ ಒಂದು ಊರು. 1972ರ ಏಪ್ರಿಲ್‌ನಿಂದ 1973ರ ಮಾರ್ಚ್‌ವರೆಗೆ ಅಲ್ಲಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ 1,037 ಮಕ್ಕಳನ್ನು ಸಂಶೋಧಕರು ಆರಿಸಿಕೊಂಡರು. ಮೂರು ವರ್ಷಕ್ಕೆ ಒಂದು ಸಲ ನೋಡಿದರು. ಐದಕ್ಕೆ, ಏಳಕ್ಕೆ, ಒಂಬತ್ತಕ್ಕೆ, ಹನ್ನೊಂದಕ್ಕೆ, ಹೀಗೇ ನೋಡ್ತಾ ಹೋದರು. ಆ ಮಕ್ಕಳಿಗೆ ಈಗ ಐವತ್ತು ದಾಟಿದೆ, ಅಧ್ಯಯನ ಇನ್ನೂ ನಡೀತಿದೆ. ನಲವತ್ತೈದನೇ ವಯಸ್ಸಿನ ತಪಾಸಣೆಗೆ ಬದುಕಿದ್ದವರ ಪೈಕಿ ನೂರಕ್ಕೆ 94 ಜನ ಬಂದಿದ್ದರು. ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ವಿಮಾನದ ಟಿಕೆಟ್ ಕೊಟ್ಟು ಕರೆಸಿಕೊಳ್ಳುತ್ತಾರೆ. ನಮ್ಮಲ್ಲಿ ಒಂದು ಯೋಜನೆಗೆ ಶಂಕುಸ್ಥಾಪನೆ ಮಾಡಿದವರಿಗೇ ಐದು ವರ್ಷ ಬಿಟ್ಟು ಅದರ ಹೆಸರು ಮರೆತುಹೋಗಿರುತ್ತೆ, ಇರಲಿ.

ಆ ಮಕ್ಕಳಿಗೆ ಹನ್ನೊಂದು ವರ್ಷ ಆದಾಗ ಒಬ್ಬ ಮನೋವೈದ್ಯರು ಕೂತು ಕೆಲವು ಪ್ರಶ್ನೆ ಕೇಳಿದ್ದರು. ಬೇರೆಯವರಿಗೆ ಕೇಳಿಸದ ಧ್ವನಿ ನಿನಗೆ ಕೇಳಿಸುತ್ತಾ? ನಿನ್ನ ಮನಸ್ಸಿನಲ್ಲಿರೋದನ್ನು ಯಾರಾದರೂ ಓದ್ತಾರಾ? ಹೆಚ್ಚಿನ ಮಕ್ಕಳು ನಕ್ಕು ಇಲ್ಲ ಅಂದಿರಬೇಕು. ಕೆಲವರು ಹೌದು ಅಂದರು. ಅದನ್ನು ಬರೆದಿಟ್ಟುಕೊಂಡರು, ಅಷ್ಟೇ. ಹದಿನೈದು ವರ್ಷ ಕಳೆದು ಅವರೆಲ್ಲ ಇಪ್ಪತ್ತಾರಕ್ಕೆ ಬಂದಾಗ ಮತ್ತೆ ಪರೀಕ್ಷೆ ಮಾಡಿದರು. ಹನ್ನೊಂದರಲ್ಲಿ ಅಂಥ ಲಕ್ಷಣ ಬಲವಾಗಿದ್ದ ಮಕ್ಕಳಿಗೆ ಸ್ಕಿಜೋಫ್ರೇನಿಯಾ ಮಾದರಿಯ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು 16 ಪಟ್ಟು ಹೆಚ್ಚಿತ್ತು. ಅಂದರೆ ಕೆಲವರಲ್ಲಿ ಬೀಜ ಗಾಂಜಾಕ್ಕಿಂತ ಎಷ್ಟೋ ಮೊದಲೇ ಇತ್ತು.

ಹಾಗಾದರೆ ಗಾಂಜಾ ನಿರಪರಾಧಿನಾ? ತಡೀರಿ. ಇದೇ ಮಕ್ಕಳಲ್ಲಿ ಯಾರು ಯಾವ ವಯಸ್ಸಿನಲ್ಲಿ ಗಾಂಜಾ ಮುಟ್ಟಿದರು ಅನ್ನುವ ಲೆಕ್ಕವೂ ಅವರ ಹತ್ತಿರ ಇತ್ತು. 2002ರಲ್ಲಿ ಆ ಫಲಿತಾಂಶ ಹೊರಗೆ ಬಂತು. ಗಾಂಜಾ ಸೇದದವರಲ್ಲಿ ಇಪ್ಪತ್ತಾರರ ಹೊತ್ತಿಗೆ ನೂರಕ್ಕೆ ಸುಮಾರು 3 ಜನಕ್ಕೆ ಆ ಕಾಯಿಲೆ ಕಂಡಿತ್ತು. ಹದಿನೈದು ತುಂಬುವ ಮೊದಲೇ ಸೇದಿದವರಲ್ಲಿ ನೂರಕ್ಕೆ 10. ಹದಿನೆಂಟರ ಹೊತ್ತಿಗೆ ಶುರು ಮಾಡಿದವರಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಇರಲಿಲ್ಲ. ವಯಸ್ಸೇ ಇಲ್ಲಿ ಮುಖ್ಯ.

ಆದರೆ ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಪೂರ್ತಿ ಹೇಳಬೇಕು. ಹದಿನೈದಕ್ಕೇ ಸೇದಿದ ಆ ಗುಂಪು ಚಿಕ್ಕದು, ಮೂವತ್ತು ಜನವೂ ಇರಲಿಲ್ಲ. ಹನ್ನೊಂದನೇ ವಯಸ್ಸಿನಲ್ಲೇ ಲಕ್ಷಣ ಇತ್ತಾ ಅನ್ನುವುದನ್ನು ಲೆಕ್ಕಕ್ಕೆ ಸೇರಿಸಿದಾಗ ವ್ಯತ್ಯಾಸ ಕುಗ್ಗಿತು, ಅಂಕಿಅಂಶದ ಕಟ್ಟುನಿಟ್ಟಿನ ಅಳತೆಯಲ್ಲಿ ಖಚಿತ ಅನ್ನುವ ಗೆರೆ ದಾಟಲಿಲ್ಲ. ಮತ್ತೆ ಇನ್ನೊಂದು: ಹತ್ತು ಜನಕ್ಕೆ ಬಂತು ಅಂದರೆ ತೊಂಬತ್ತು ಜನಕ್ಕೆ ಬರಲಿಲ್ಲ. "ನನ್ ಫ್ರೆಂಡು ಎಂಟು ವರ್ಷದಿಂದ ಸೇದ್ತಾನೆ, ಅವನಿಗೇನೂ ಆಗಿಲ್ಲ" ಅಂತ ಹಾಸ್ಟೆಲ್ ಹುಡುಗ ಹೇಳಿದರೆ ಅವನು ಸುಳ್ಳು ಹೇಳ್ತಿಲ್ಲ. ಆ ಫ್ರೆಂಡು ತೊಂಬತ್ತರಲ್ಲಿ ಒಬ್ಬ. ತೊಂದರೆ ಏನಪ್ಪಾ ಅಂದರೆ, ತಾನು ಯಾವ ಪಟ್ಟಿಯಲ್ಲಿದ್ದೇನೆ ಅಂತ ಮೊದಲೇ ತಿಳಿದುಕೊಳ್ಳುವ ರಕ್ತಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ.

ಡನೀಡನ್‌ನಲ್ಲಿ ಸಂಖ್ಯೆ ಚಿಕ್ಕದು ಅನ್ನುವವರಿಗೆ ಸ್ವೀಡನ್ ಇದೆ. ಅಲ್ಲಿ 1969-70ರಲ್ಲಿ ಕಡ್ಡಾಯ ಸೇನಾ ಸೇವೆಗೆ ಬಂದ 45,570 ಯುವಕರಿಗೆ ಮಾದಕ ವಸ್ತು ಬಳಸಿದ್ದೀರಾ ಅಂತ ಕೇಳಿ ದಾಖಲಿಸಿದ್ದರು. ಹದಿನೈದು ವರ್ಷದ ನಂತರ ಆಸ್ಪತ್ರೆಯ ದಾಖಲೆಗಳ ಜೊತೆ ಹೋಲಿಸಿದರು. 50ಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ 6 ಪಟ್ಟು ಹೆಚ್ಚು. 1987ರಲ್ಲಿ ಇದು ಪ್ರಕಟವಾದಾಗ ಪ್ರಪಂಚದ ಪತ್ರಿಕೆಗಳೆಲ್ಲ ಆ 6 ಅನ್ನುವ ಅಂಕಿಯನ್ನು ಹಿಡಿದುಕೊಂಡವು. ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇತ್ತು. ಸೇನೆಗೆ ಬರುವಾಗಲೇ ಇದ್ದ ಮಾನಸಿಕ ತೊಂದರೆ, ಒಡೆದ ಸಂಸಾರ, ಹಳೆಯ ತಂಟೆ ತಕರಾರು, ಇವನ್ನೆಲ್ಲ ಕಳೆದು ನೋಡಿದಾಗ 6 ಅನ್ನೋದು 2.3ಕ್ಕೆ ಇಳಿಯಿತು.

ಆರರಿಂದ ಎರಡೂಕಾಲಿಗೆ ಬಂತಲ್ಲ, ಆ ವ್ಯತ್ಯಾಸದಲ್ಲೇ ಆ ತಾಯಿಯ ಪ್ರಶ್ನೆಗೆ ಉತ್ತರ ಇದೆ. ಗಾಂಜಾದ ಮೇಲೆ ನಾವು ಹೊರಿಸುವ ಹೊರೆಯಲ್ಲಿ ಒಂದು ದೊಡ್ಡ ಪಾಲು ಗಾಂಜಾಕ್ಕಿಂತ ಮೊದಲಿನದು. ಹಾಗಂತ ಎಲ್ಲವೂ ಮೊದಲಿನದಲ್ಲ. ಮೊದಲಿನದನ್ನೆಲ್ಲ ಕಳೆದ ಮೇಲೂ ಅಪಾಯ ದುಪ್ಪಟ್ಟಿಗಿಂತ ಜಾಸ್ತಿಯೇ ಉಳೀತು.

ಅದಾದ ಮೇಲೆ ಬಂದ ಅಧ್ಯಯನಗಳು ಎರಡೂ ಕಡೆ ಎಳೆದಿವೆ. ನ್ಯೂಜಿಲೆಂಡಿನದೇ ಇನ್ನೊಂದು ಊರು ಕ್ರೈಸ್ಟ್‌ಚರ್ಚ್‌ನಲ್ಲಿ 1977ರಲ್ಲಿ ಹುಟ್ಟಿದ 1,265 ಮಕ್ಕಳನ್ನು ಹಿಂಬಾಲಿಸಿದವರು, ಗಾಂಜಾದಿಂದ ಲಕ್ಷಣದ ಕಡೆಗೇ ದಾರಿ ಹೋಗುತ್ತೆ ಅಂದರು. ವಂಶವಾಹಿಗಳನ್ನು ಹಿಡಿದು ಲೆಕ್ಕ ಹಾಕಿದವರು, ಇಲ್ಲ, ಸ್ಕಿಜೋಫ್ರೇನಿಯಾ ಕಡೆಗೆ ವಾಲುವ ವಂಶವಾಹಿ ಇದ್ದವರೇ ಗಾಂಜಾದ ಕಡೆಗೂ ವಾಲುತ್ತಾರೆ ಅನ್ನುವುದಕ್ಕೂ ಪುರಾವೆ ಕೊಟ್ಟರು. ಎರಡು ದಾರಿಯೂ ನಿಜ. ಆ ಹುಡುಗನಿಗೆ ಮಾತ್ರ ಎರಡೂ ಕಡೆಯಿಂದ ಏಟು.

ಇಷ್ಟಕ್ಕೂ ಒಂದು ಸೊಪ್ಪು, ಒಂದು ಹೂವು ತಲೆಯೊಳಗೆ ಹೋಗಿ ಇಷ್ಟೆಲ್ಲ ಹೇಗೆ ಮಾಡುತ್ತೆ? ಗಾಂಜಾದಲ್ಲಿ ಕಿಕ್ ಕೊಡುವ ವಸ್ತುವಿನ ಹೆಸರು ಟಿಎಚ್‌ಸಿ. ಇದನ್ನು 1964ರಲ್ಲಿ ಇಸ್ರೇಲಿನ ರಾಫೆಲ್ ಮೆಕೂಲಮ್ ಮತ್ತು ಅವರ ಸಹೋದ್ಯೋಗಿ ಬೇರ್ಪಡಿಸಿದರು. ಈ ವಸ್ತು ಕೂರುವುದಕ್ಕೆ ನಮ್ಮ ಮಿದುಳಿನಲ್ಲಿ ಕುರ್ಚಿ ಸಿದ್ಧವಾಗೇ ಇದೆ. ಯಾಕೆ ಇದೆ? ನಮ್ಮ ಮಿದುಳೇ ಅಂಥದ್ದೊಂದು ವಸ್ತುವನ್ನು ಚಿಟಿಕೆಯಷ್ಟು ತಯಾರಿಸಿಕೊಳ್ಳುತ್ತೆ. 1992ರಲ್ಲಿ ಮೆಕೂಲಮ್ ತಂಡ ಅದನ್ನು ಕಂಡುಹಿಡಿದು ಇಟ್ಟ ಹೆಸರು ಕೇಳಿ: ಆನಂದಮೈಡ್. ನಮ್ಮ ಸಂಸ್ಕೃತದ ಆನಂದ. ಹಸಿವು, ನಿದ್ದೆ, ನೆನಪು, ಭಯ, ಇವುಗಳ ವಾಲ್ಯೂಮನ್ನು ಮಿದುಳು ಇಂಥ ವಸ್ತುಗಳಿಂದ ಏರಿಸಿ ಇಳಿಸಿ ಮಾಡ್ತಿರುತ್ತೆ. ಹದಿಹರೆಯದಲ್ಲಿ ಮಿದುಳಿನ ವೈರಿಂಗ್ ಇನ್ನೂ ನಡೀತಿರುತ್ತೆ. ಮುಂಭಾಗದ ಕೆಲಸ, ಅಂದರೆ ತಾಳಿಕೊಳ್ಳುವ, ಯೋಚಿಸಿ ಹೆಜ್ಜೆ ಇಡುವ ಭಾಗದ ಕೆಲಸ ಮುಗಿಯುವುದು ಇಪ್ಪತ್ತೈದರ ಆಸುಪಾಸಿಗೆ. ಮನೆ ಕಟ್ಟುವಾಗ ವೈರಿಂಗ್ ಮುಗಿಯುವ ಮೊದಲೇ ಹೈವೋಲ್ಟೇಜ್ ಕರೆಂಟು ಬಿಟ್ಟರೆ ಏನಾಗುತ್ತೆ? ಕೆಲವು ಮನೆಯಲ್ಲಿ ಏನೂ ಆಗಲ್ಲ. ಕೆಲವು ಮನೆಯಲ್ಲಿ ಸುಟ್ಟುಹೋಗುತ್ತೆ.

ಇದು ಊಹೆ ಅಂತ ಅನ್ನಬೇಡಿ. 2004ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಯಾವ ಮಾನಸಿಕ ಕಾಯಿಲೆಯೂ ಇಲ್ಲದ ಸ್ವಯಂಸೇವಕರಿಗೆ ಟಿಎಚ್‌ಸಿಯನ್ನು ರಕ್ತನಾಳದ ಮೂಲಕ ಕೊಟ್ಟು ನೋಡಿದರು. ಸ್ವಲ್ಪ ಹೊತ್ತು ಅವರಲ್ಲೂ ಅನುಮಾನ, ಯೋಚನೆ ಚದುರುವುದು, ಸುತ್ತಲಿನದು ನಿಜ ಅಲ್ಲ ಅನ್ನಿಸುವುದು ಕಾಣಿಸಿತು. ಔಷಧ ಇಳಿದ ಮೇಲೆ ಹೋಯಿತು. ಯಾರಿಗೆ ಇಳಿದ ಮೇಲೂ ಹೋಗಲ್ಲವೋ ಅವರದೇ ಸಮಸ್ಯೆ.

ಈಗ ಹಿರಿಯರ ಆಕ್ಷೇಪ ಬರುತ್ತೆ. "ಏನ್ ಸ್ವಾಮಿ, ನಮ್ ಕಾಲದಲ್ಲೂ ಇರಲಿಲ್ವಾ? ಮಠದ ಕಟ್ಟೆ ಮೇಲೆ ಸಾಧುಗಳು ಚಿಲುಮೆ ಎಳೀತಿದ್ರು, ಶಿವರಾತ್ರಿಗೆ ಭಂಗಿ ಕುಡೀತಿದ್ರು, ಯಾರಿಗೆ ಏನಾಯ್ತು?" ಪ್ರಶ್ನೆ ನ್ಯಾಯವಾದದ್ದೇ. ಮೊದಲನೆಯದು, ಆ ಸಾಧುಗಳು ಹದಿಮೂರು ವರ್ಷದ ಮಕ್ಕಳಲ್ಲ. ಎರಡನೆಯದು, ಎಲೆ ಬೇರೆ, ಹೂವು ಬೇರೆ. ಭಂಗಿ ಅಂದರೆ ಎಲೆ. 1985ರ ಎನ್‌ಡಿಪಿಎಸ್ ಕಾಯ್ದೆ ಕೂಡ ಹೂವಿನ ತುದಿಯನ್ನು ಗಾಂಜಾ ಅಂತ ಕರೆದು, ಬರೀ ಎಲೆಯನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಮೂರನೆಯದು, ಮಾಲು ಬದಲಾಗಿದೆ. ಅಮೆರಿಕದಲ್ಲಿ ಪೊಲೀಸರು ಹಿಡಿದ ಗಾಂಜಾದಲ್ಲಿ 1995ರ ಸುಮಾರಿಗೆ ಟಿಎಚ್‌ಸಿ ನೂರಕ್ಕೆ 4ರಷ್ಟಿತ್ತು. 2014ರ ಹೊತ್ತಿಗೆ 12. ನಮ್ಮ ಕೆಂಪೇಗೌಡ ಏರ್‌ಪೋರ್ಟಿನಲ್ಲಿ ಬ್ಯಾಂಕಾಕ್‌ನಿಂದ ಬಂದವರ ಸೂಟ್‌ಕೇಸಿನಲ್ಲಿ 'ಹೈಡ್ರೋ ಗಾಂಜಾ' ಸಿಕ್ಕಿತು ಅಂತ ಪದೇ ಪದೇ ಸುದ್ದಿ ಓದ್ತೀವಲ್ಲ, ಅದು ಮಣ್ಣಿಲ್ಲದೆ, ಕೋಣೆಯೊಳಗೆ ಲೈಟು ಹಾಕಿ ಬೆಳೆಸುವ ಜಾಸ್ತಿ ಕಿಕ್ಕಿನ ತಳಿ. ಯುರೋಪಿನ ನಗರಗಳನ್ನೂ ಬ್ರೆಜಿಲನ್ನೂ ಸೇರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಾ ಸೇದುವವರಿಗೆ ಸೈಕೋಸಿಸ್ ಸಾಧ್ಯತೆ 3 ಪಟ್ಟು, ದಿನಾ ಸೇದುವುದೂ ಈ ಗಟ್ಟಿ ಮಾಲೇ ಆದರೆ ಸುಮಾರು 5 ಪಟ್ಟು. ಅಜ್ಜನ ಭಂಗಿಗೂ ಮೊಮ್ಮಗನ ಹೈಡ್ರೋಗೂ ಹೋಲಿಕೆ ಮಾಡುವುದು ನೀರುಮಜ್ಜಿಗೆಗೂ ಹೆಂಡಕ್ಕೂ ಹೋಲಿಕೆ ಮಾಡಿದ ಹಾಗೆ.

ಇಲ್ಲೊಂದು ಹಳೇ ಕಥೆ ಹೇಳಲೇಬೇಕು. 1893ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ ಗಾಂಜಾ, ಭಂಗಿ, ಚರಸ್ ಬಗ್ಗೆ ಒಂದು ಆಯೋಗ ಮಾಡಿತ್ತು. ಅಧ್ಯಕ್ಷರು ಮ್ಯಾಕ್‌ವರ್ತ್ ಯಂಗ್. ಸದಸ್ಯರಲ್ಲಿ ಮೂವರು ಭಾರತೀಯರು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ವಿಚಾರಣೆ. ಹುಚ್ಚಾಸ್ಪತ್ರೆಗಳ ರಿಜಿಸ್ಟರ್ ತೆಗೆದು ನೋಡಿದರೆ ಕಾಯಿಲೆಗೆ ಕಾರಣ ಅನ್ನುವ ಕಾಲಂನಲ್ಲಿ ಎಷ್ಟೋ ಜನಕ್ಕೆ 'ಗಾಂಜಾ' ಅಂತ ಬರೆದಿತ್ತು. ಅದನ್ನು ಬರೆದವರು ಯಾರು ಅಂತ ಆಯೋಗ ಕೆದಕಿತು. ಬಹಳಷ್ಟು ಕಡೆ ವೈದ್ಯರೇ ಅಲ್ಲ, ಕರೆತಂದ ಪೊಲೀಸರ ಮಾತು ಗುಮಾಸ್ತರ ಲೇಖನಿಯಲ್ಲಿ ಕಾಲಂ ತುಂಬಿತ್ತು. ಮಿತಿಮೀರಿದರೆ ಹುಚ್ಚಿಗೆ ಕಾರಣ ಆಗಬಹುದು ಅಂತ ಆಯೋಗ ಒಪ್ಪಿತು, ಆದರೆ ಆ ಕಾಲಂ ನಂಬಲಿಕ್ಕಾಗಲ್ಲ ಅಂತಲೂ ಹೇಳಿತು. ನೂರಮೂವತ್ತು ವರ್ಷ ಕಳೆದಿದೆ. ಆ ಕಾಲಂ ಈಗ ಟಿವಿ ಪರದೆಯ ಕೆಳಗೆ ಓಡುತ್ತೆ.

ಗಾಂಜಾ ಅಂತ ಬರೆದ ತಕ್ಷಣ ಏನಾಗುತ್ತೆ ಗೊತ್ತಾ? ಉಳಿದ ಪ್ರಶ್ನೆಗಳು ನಿಂತುಹೋಗ್ತವೆ. 2020ರಲ್ಲಿ ಸ್ಯಾಂಡಲ್‌ವುಡ್ ಡ್ರಗ್ಸ್ ಪ್ರಕರಣ ಬಂದಾಗ ತಿಂಗಳುಗಟ್ಟಲೆ ಚರ್ಚೆ ನಡೀತು. ಯಾರ ಪಾರ್ಟಿ, ಯಾರ ಕಾರು, ಯಾರ ಕೂದಲು ಪರೀಕ್ಷೆಗೆ ಹೋಯ್ತು. ಎರಡನೇ ಕ್ಲಾಸಿನ ಹುಡುಗನ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಈಗ ಮಾತಾಡಬೇಕಿರೋದು ಅವನ ಬಗ್ಗೆ.

ಡನೀಡನ್‌ನವರು 2003ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. ಇಪ್ಪತ್ತಾರರಲ್ಲಿ ಮಾನಸಿಕ ಕಾಯಿಲೆ ಇದ್ದವರ ಪೈಕಿ ಸುಮಾರು ಅರ್ಧ ಜನಕ್ಕೆ ಹದಿನೈದರ ಒಳಗೇ ಒಂದಲ್ಲ ಒಂದು ತೊಂದರೆ ಗುರುತಿಸಿ ಆಗಿತ್ತು. ಅದರಲ್ಲಿ ಪದೇ ಪದೇ ಬರುವ ಹೆಸರು ನಡವಳಿಕೆಯ ತೊಂದರೆ. ಸದಾ ಎದುರುತ್ತರ, ಹೊಡೆದಾಟ, ಸುಳ್ಳು, ಕಳ್ಳತನ, ಸ್ಕೂಲಿಗೆ ಚಕ್ಕರ್, ಪ್ರಾಣಿಗಳಿಗೆ ಹಿಂಸೆ. ಮುಂದೆ ಯಾವ ಕಾಯಿಲೆ ಬಂದರೂ ಸರಿ, ಖಿನ್ನತೆ ಇರಲಿ, ಆತಂಕ ಇರಲಿ, ಸ್ಕಿಜೋಫ್ರೇನಿಯಾ ಮಾದರಿಯದ್ದಿರಲಿ, ಹಿಂದೆ ಇಂಥ ನಡವಳಿಕೆ ಇದ್ದವರು ನೂರಕ್ಕೆ 25ರಿಂದ 60 ಜನ. ಅಂದರೆ ನಾವು ಯಾರನ್ನು 'ಪೋಕರಿ' ಅಂತ ಕರೆದು ಬೆಂಚಿನ ಮೇಲೆ ನಿಲ್ಲಿಸಿದ್ದೆವೋ, ಅವರಲ್ಲಿ ಒಂದು ಪಾಲು ಕಾಯಿಲೆಯ ಕಡೆಗೆ ನಡೀತಿದ್ದ ಮಕ್ಕಳು.

ಎಲ್ಲ ತುಂಟರೂ ಅಲ್ಲ, ದಯವಿಟ್ಟು ಗಾಬರಿ ಆಗಬೇಡಿ. ಡನೀಡನ್ ಮಕ್ಕಳನ್ನೇ ನೋಡಿ ಮನಶ್ಶಾಸ್ತ್ರಜ್ಞೆ ಟೆರಿ ಮೊಫಿಟ್ 1993ರಲ್ಲಿ ಒಂದು ವಿಂಗಡಣೆ ಕೊಟ್ಟರು. ಹದಿನಾಲ್ಕಕ್ಕೆ ಶುರುವಾಗಿ, ಗೆಳೆಯರ ಜೊತೆ ಸೇರಿ ಒಂದಷ್ಟು ಅಡ್ಡಾದಿಡ್ಡಿ ಮಾಡಿ, ಇಪ್ಪತ್ತು ದಾಟಿ ಕೆಲಸ, ಮದುವೆ ಅಂತ ಆಗುವಷ್ಟರಲ್ಲಿ ತಣ್ಣಗಾಗುವವರೇ ಹೆಚ್ಚು. ಮೂರು, ಐದು, ಏಳನೇ ವಯಸ್ಸಿನಿಂದಲೇ ಶುರುವಾಗಿ, ಮನೆಯಲ್ಲೂ ಶಾಲೆಯಲ್ಲೂ ಆಟದ ಬಯಲಿನಲ್ಲೂ ಒಂದೇ ತರ ನಡೆದುಕೊಂಡು, ವರ್ಷದಿಂದ ವರ್ಷಕ್ಕೆ ಮುಂದುವರಿಯುವವರು ಸ್ವಲ್ಪ ಜನ. ಗಮನ ಕೊಡಬೇಕಾದದ್ದು ಆ ಸ್ವಲ್ಪ ಜನಕ್ಕೆ. ಹುಡುಗಿಯರಲ್ಲಿ ಇದು ಕಡಿಮೆ, ಆದರೆ ಇಲ್ಲ ಅಂತಲ್ಲ. ಗಲಾಟೆ ಮಾಡದ ಹುಡುಗಿ ನಮ್ಮ ಕಣ್ಣಿಗೇ ಬೀಳಲ್ಲ, ಅದು ಇನ್ನೊಂದು ದಿನದ ಮಾತು.

ಆ ಮಗುವಿಗೆ ನಾವೇನು ಮಾಡ್ತೀವಿ? ಹೊಡೀತೀವಿ. ಅಪ್ಪ ಬೆಲ್ಟು ತೆಗೀತಾನೆ, ಅಜ್ಜಿ ದೃಷ್ಟಿ ತೆಗೀತಾಳೆ, ಮೇಷ್ಟ್ರು ಹೊರಗೆ ನಿಲ್ಲಿಸ್ತಾರೆ. ಎಷ್ಟೋ ಸಲ ಆ ಮಗುವಿಗೆ ಅಕ್ಷರ ಕೂಡಿಸಲಿಕ್ಕೇ ಬರ್ತಿರಲ್ಲ, ಕಲಿಕೆಯ ತೊಂದರೆ ಇರುತ್ತೆ. ಇಲ್ಲಾ ಒಂದು ಕಡೆ ಕೂರಲಿಕ್ಕಾಗದ ಎಡಿಎಚ್‌ಡಿ ಇರುತ್ತೆ. ಇಲ್ಲಾ ಮನೆಯಲ್ಲಿ ದಿನಾ ರಾತ್ರಿ ಕುಡಿದ ಜಗಳ ಇರುತ್ತೆ. ದಡ್ಡ ಅನ್ನಿಸಿಕೊಳ್ಳೋದಕ್ಕಿಂತ ರೌಡಿ ಅನ್ನಿಸಿಕೊಳ್ಳೋದು ವಾಸಿ ಅಂತ ಎಂಟು ವರ್ಷದ ಮಗುವಿಗೂ ಗೊತ್ತಿರುತ್ತೆ ಕಣ್ರೀ. ಆರನೇ ಕ್ಲಾಸಿಗೆ ಬರುವಷ್ಟರಲ್ಲಿ ಒಳ್ಳೇ ಮಕ್ಕಳ ಅಪ್ಪ ಅಮ್ಮಂದಿರು ಅವನ ಜೊತೆ ಸೇರಬೇಡ ಅಂದಿರ್ತಾರೆ. ಎಂಟನೇ ಕ್ಲಾಸಿಗೆ ಶಾಲೆಯವರು ಟಿಸಿ ಕೊಟ್ಟು ಕಳಿಸ್ತಾರೆ. ಅವನನ್ನು ಸೇರಿಸಿಕೊಳ್ಳುವವರು ಊರಲ್ಲಿ ಒಂದೇ ಗುಂಪು, ರೈಲ್ವೆ ಗೇಟಿನ ಹಿಂದೆ ಕೂರುವವರು. ಅಲ್ಲಿ ಬೀಡಿಯೊಳಗೆ ತುಂಬಿ ಕೊಟ್ಟಿದ್ದನ್ನು ಮೊದಲ ಸಲ ಎಳೆದಾಗ ಅವನ ತಲೆಯೊಳಗಿನ ಗದ್ದಲ ಅರ್ಧ ಗಂಟೆ ನಿಲ್ಲುತ್ತೆ. ಆ ಅರ್ಧ ಗಂಟೆಗೋಸ್ಕರ ಅವನು ಮತ್ತೆ ಹೋಗ್ತಾನೆ.

ಅಂದಹಾಗೆ, ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ, ಹೊಡೆಯುವ ಹಾಗೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 16 ಮತ್ತು 17ನೇ ಸೆಕ್ಷನ್‌ಗಳು ಇದನ್ನೇ ಹೇಳ್ತವೆ. ನೀವೇ ಬಂದು ಟಿಸಿ ತಗೊಂಡು ಹೋಗಿ ಅಂತ ಪೋಷಕರ ಕೈಲೇ ಅರ್ಜಿ ಬರೆಸಿಕೊಳ್ಳುವ ಉಪಾಯ ನನಗೂ ಗೊತ್ತು, ನಿಮಗೂ ಗೊತ್ತು. ಮಗುವಿಗೆ ಗಾಂಜಾ ಕೊಟ್ಟವನಿಗೆ, ಮಗುವಿನ ಕೈಲಿ ಗಾಂಜಾ ಸಾಗಿಸಿದವನಿಗೆ 2015ರ ಬಾಲ ನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ನಲವತ್ತು ಸೆಕೆಂಡಿನ ಸುದ್ದಿಯಲ್ಲಿ ಜೀಪು ಹತ್ತುವುದು ಸಾಮಾನ್ಯವಾಗಿ ಸೇದಿದವನು, ಕೊಟ್ಟವನಲ್ಲ.

ಏಳನೇ ವಯಸ್ಸಿನಲ್ಲಿ ಏನಾದರೂ ಮಾಡಲಿಕ್ಕಾಗುತ್ತಾ? ಆಗುತ್ತೆ. ಅದಕ್ಕೆ ಮೊದಲು ಬೇಕಾದದ್ದು ಮಾತ್ರೆ ಅಲ್ಲ. ಮಗುವಿಗೆ ಓದಲಿಕ್ಕೆ ಬರುತ್ತಾ, ಕಿವಿ ಕೇಳುತ್ತಾ, ನಿದ್ದೆ ಬರುತ್ತಾ ಅಂತ ನೋಡೋದು. ಅಪ್ಪ ಅಮ್ಮನಿಗೆ ಕೆಲವು ವಾರ ತರಬೇತಿ: ಮನೆಯಲ್ಲಿ ನಾಲ್ಕೇ ನಿಯಮ, ದಿನಾ ಅದೇ ನಿಯಮ, ತಪ್ಪಿಗೆ ಚಿಕ್ಕ ಮತ್ತು ಖಚಿತ ಶಿಕ್ಷೆ, ಸರಿ ಮಾಡಿದ್ದನ್ನು ಆ ಕ್ಷಣವೇ ಗುರುತಿಸಿ ಹೇಳೋದು. ಕೇಳಲಿಕ್ಕೆ ಸುಲಭ. ಸಂಜೆ ಆರಕ್ಕೆ ಸುಸ್ತಾಗಿ ಬಂದ ಗಾರ್ಮೆಂಟ್ಸ್ ಕೆಲಸದ ತಾಯಿಗೆ ಅಷ್ಟು ಸುಲಭ ಅಲ್ಲ, ಅದಕ್ಕೇ ಯಾರಾದರೂ ಕೂತು ಕಲಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವೇ ಬೇರೆ ಇದೆ. ತಂದೆ, ತಾಯಿ ಇಬ್ಬರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 10, ಸಾಮಾನ್ಯ ಜನರಲ್ಲಿ ಸುಮಾರು 1. ಅಂಥ ಮನೆಯವರು ಗಾಂಜಾ ಬಗ್ಗೆ ಮಗನ ಜೊತೆ ಮುಚ್ಚುಮರೆ ಇಲ್ಲದೆ ಮಾತಾಡಬೇಕು. "ನಿನ್ ಚಿಕ್ಕಪ್ಪನಿಗೆ ಹಿಂಗಿತ್ತು, ಬೇರೆಯವರಿಗೆ ಏನೂ ಆಗದೇ ಇರಬಹುದು, ನಿನಗೆ ಆಗಬಹುದು" ಅಂತ. ಹೆದರಿಸೋದು ಬೇರೆ, ವಿಷಯ ತಿಳಿಸೋದು ಬೇರೆ.

ಇನ್ನು ಆ ತಾಯಿಯ ಮಗನಂಥವರ ವಿಷಯ. ಈಗಾಗಲೇ ಧ್ವನಿ ಕೇಳಿಸ್ತಿದೆ. ವೈದ್ಯರು ಇದನ್ನು ಸೈಕೋಸಿಸ್ ಅಂತಾರೆ, ಕನ್ನಡದಲ್ಲಿ ಚಿತ್ತವಿಕಲತೆ. ಇದು ಒಂದೇ ರಾತ್ರಿಯಲ್ಲಿ ಬರೋದು ಕಡಿಮೆ. ಮೊದಲು ನಿದ್ದೆ ಹೋಗುತ್ತೆ. ಸ್ನಾನ ಬಿಡ್ತಾನೆ. ಕ್ರಿಕೆಟ್ ಬಿಡ್ತಾನೆ. ಕಿಟಕಿಗೆ ಪೇಪರ್ ಅಂಟಿಸ್ತಾನೆ. ಮೊಬೈಲಲ್ಲಿ ಯಾರೋ ತನ್ನ ಮಾತು ಕದ್ದು ಕೇಳ್ತಿದ್ದಾರೆ ಅಂತಾನೆ. ಟಿವಿಯಲ್ಲಿ ಆ್ಯಂಕರ್ ಹೇಳ್ತಿರೋದು ತನ್ನ ಬಗ್ಗೇನೇ ಅನ್ನುವವರೂ ಇದ್ದಾರೆ. ನಶೆ ಆದರೆ ಗಂಟೆಗಳಲ್ಲಿ ಇಳೀಬೇಕು. ಸೇದೋದು ನಿಲ್ಲಿಸಿ ದಿನಗಳು ಕಳೆದರೂ ಇವು ಹೋಗಲಿಲ್ಲ ಅಂದರೆ ಅದು ನಶೆ ಅಲ್ಲ.

ಒಂದು ವೇಳೆ ಹೋಯ್ತು ಅನ್ನಿ. ಮನೆಯವರು ನಿಟ್ಟುಸಿರು ಬಿಟ್ಟು, ಗಾಂಜಾದಿಂದ ಆಗಿತ್ತು, ಈಗ ಸರಿಹೋದ ಅಂತಾರೆ. ಡೆನ್ಮಾರ್ಕಿನವರು ಅಂಥವರನ್ನು ವರ್ಷಗಟ್ಟಲೆ ಹಿಂಬಾಲಿಸಿ 2018ರಲ್ಲಿ ಹೇಳಿದ್ದು ಕೇಳಿ. ಗಾಂಜಾದಿಂದ ಬಂದ ಸೈಕೋಸಿಸ್ ಅಂತ ಆಸ್ಪತ್ರೆಯಲ್ಲಿ ಬರೆಸಿಕೊಂಡವರಲ್ಲಿ ಸುಮಾರು ಅರ್ಧ ಜನಕ್ಕೆ ಮುಂದೆ ಸ್ಕಿಜೋಫ್ರೇನಿಯಾ ಇಲ್ಲವೇ ಬೈಪೋಲಾರ್ ಕಾಯಿಲೆ ಬಂತು. ಹಾಗಾಗಿ ಸರಿಹೋದ ಹುಡುಗನಿಗೂ ಡಾಕ್ಟರ ಫಾಲೋಅಪ್ ಬೇಕು, ವರ್ಷಗಳ ಕಾಲ ಬೇಕು. ಮತ್ತೆ ಗಾಂಜಾ ಮುಟ್ಟಿದರೆ ಮತ್ತೆ ಬರುವ ಸಾಧ್ಯತೆ ಜಾಸ್ತಿ.

ನಮ್ಮಲ್ಲಿ ಮೊದಲ ತಿಂಗಳುಗಳು ಎಲ್ಲಿ ಹೋಗ್ತವೆ ಅಂತ ನಿಮಗೇ ಗೊತ್ತು. ಮಾಟ ಅಂತ ಒಂದು ಊರು, ಗಾಳಿ ಅಂತ ಇನ್ನೊಂದು ಊರು, ಹರಕೆ, ತಾಯತ. ದೇವರ ಹತ್ತಿರ ಹೋಗಬೇಡಿ ಅಂತ ನಾನು ಹೇಳ್ತಿಲ್ಲ, ಹೋಗುವ ದಾರಿಯಲ್ಲೇ ಆಸ್ಪತ್ರೆಗೂ ಹೋಗಿ ಅಂತೀನಿ. ಚಿಕಿತ್ಸೆ ಶುರುವಾಗೋದು ತಡ ಆದಷ್ಟೂ ಗುಣ ಕಾಣೋದು ಕಷ್ಟ ಆಗುತ್ತೆ. ಮಾತ್ರೆಗೆ ಧ್ವನಿ ಇಳಿಯುತ್ತೆ, ಅನುಮಾನ ಇಳಿಯುತ್ತೆ. ತಿರುಗಿ ಕಾಲೇಜಿಗೆ ಹೋದವರಿದ್ದಾರೆ, ಕೆಲಸ ಹಿಡಿದವರಿದ್ದಾರೆ.

ಇನ್ನೊಂದು ಭಯ ಪೊಲೀಸರದು. ಆಸ್ಪತ್ರೆಗೆ ಹೋದರೆ ಕೇಸ್ ಆಗುತ್ತಾ? ಗಾಂಜಾ ಸೇವನೆಗೆ 6 ತಿಂಗಳವರೆಗೆ ಜೈಲು, ಇಲ್ಲವೇ 10 ಸಾವಿರದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು, ನಿಜ. ಅದೇ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಓದಿ. ಸೇವನೆ ಅಥವಾ ಚಿಕ್ಕ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಹೋದರೆ ಅವನನ್ನು ವಿಚಾರಣೆಗೆ ಗುರಿ ಮಾಡುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಈ ಸೆಕ್ಷನ್ ಇದೆ ಅಂತಲೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಆದ್ದರಿಂದ ಮಗನನ್ನು ಕೋಣೆಯಲ್ಲಿ ಕೂಡಿ ಬೀಗ ಹಾಕ್ತಾರೆ.

ಕೇಂದ್ರ ಸರ್ಕಾರ ಏಮ್ಸ್ ಮೂಲಕ ಮಾಡಿಸಿದ, 2019ರಲ್ಲಿ ಹೊರಬಂದ ಸಮೀಕ್ಷೆ ಪ್ರಕಾರ ದೇಶದಲ್ಲಿ ಒಂದು ವರ್ಷದೊಳಗೆ ಭಂಗಿ, ಗಾಂಜಾ, ಚರಸ್ ಬಳಸಿದವರು 3 ಕೋಟಿಗೂ ಹೆಚ್ಚು. ಅದರಲ್ಲಿ ಸಹಾಯ ಬೇಕಾದಷ್ಟು ಸಿಕ್ಕಿಬಿದ್ದವರು ಸುಮಾರು 72 ಲಕ್ಷ. ಇಷ್ಟು ಜನಕ್ಕೆ ನಿಮ್ಹಾನ್ಸ್ ಒಂದೇ ಸಾಲಲ್ಲ, ಎಲ್ಲರೂ ಬೆಂಗಳೂರಿಗೆ ಬರಬೇಕಾಗೂ ಇಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿಕೊಳ್ಳಿ. 14416 ಟೆಲಿಮಾನಸ್, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ವ್ಯಸನಕ್ಕೆ 14446. ಮಗ ತನಗೋ ಬೇರೆಯವರಿಗೋ ಏನಾದರೂ ಮಾಡಿಕೊಳ್ಳುವ ಹಂತದಲ್ಲಿದ್ದರೆ ಮಂಗಳವಾರಕ್ಕೆ ಕಾಯಬೇಡಿ, 112ಕ್ಕೆ ಫೋನ್ ಮಾಡಿ.

ಹೋಗುವಾಗ ಕೈಯಲ್ಲಿ ಹಳೆಯ ಕಾಗದಗಳಿರಲಿ. ಯಾವ ವರ್ಷ ಗಾಂಜಾ ಶುರುವಾಯ್ತು, ವಾರಕ್ಕೆ ಎಷ್ಟು ಸಲ, ಮನೆತನದಲ್ಲಿ ಯಾರಿಗಾದರೂ ಇಂಥದ್ದಿತ್ತಾ, ಇದನ್ನು ಡಾಕ್ಟರು ಕೇಳೇ ಕೇಳ್ತಾರೆ. ಜೊತೆಗೆ ಒಂದನೇ ಕ್ಲಾಸಿನಿಂದ ಬಂದ ಪ್ರಗತಿ ಪತ್ರಗಳನ್ನೂ ಇಟ್ಟುಕೊಳ್ಳಿ. ಅದರ ಕೊನೆಯ ಸಾಲಿನಲ್ಲಿ ಕ್ಲಾಸ್ ಟೀಚರ್ ಕೆಂಪು ಪೆನ್ನಲ್ಲಿ ಬರೆದಿರ್ತಾರೆ, 'ತರಗತಿಯಲ್ಲಿ ಗಲಾಟೆ ಹೆಚ್ಚು, ಗಮನ ಕಡಿಮೆ' ಅಂತ. ಅಪ್ಪ ಅದರ ಕೆಳಗೆ ಸಹಿ ಮಾಡಿ ವಾಪಸ್ ಕಳಿಸಿರ್ತಾರೆ. ಡಾಕ್ಟರಿಗೆ ಆ ಸಾಲು ಬೇಕು.